ಕಪ್ಪೆಯವರು ಬಂದು ಹೋದ ಮೇಲೆ

ಹೋಮ್‌ಸ್ಟೇ ಕಟ್ಟುವ ಮೊದಲು ನಮ್ಮ ಜಾಗದ ಗಿಡಮರ, ಹಕ್ಕಿ, ಪ್ರಾಣಿಗಳ ಸರ್ವೆ ಮಾಡಿಸಲು ಮೂವರ ಒಂದು ತಂಡವನ್ನು ಕರೆಸಿದ್ದೆವು. ನಮ್ಮ ಊರಲ್ಲಿ ಅವರಿಗೆ ಬಿದ್ದ ಹೆಸರು ಕಪ್ಪೆಯವರು. "ನಿಮ್ಮನೆಗೆ ಕಪ್ಪೆಯವರು ಬಂದಿದ್ರಂತೆ, ಎಷ್ಟು ತಗಂಡ್ರು?" ಎಂದು ಸೊಸೈಟಿಯಲ್ಲಿ ಕೇಳದವರಿಲ್ಲ. ಒಬ್ಬೊಬ್ಬರಿಗೇ ಹೇಳಿ ಸುಸ್ತಾಯಿತು, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ತಗೊಂಡದ್ದು 62,000 ರೂಪಾಯಿ. ಮೂರು ಸಲ ಬಂದರು, ಒಟ್ಟು ಏಳು ದಿನ ಇದ್ದರು, ಒಂದು ವರದಿ ಕೊಟ್ಟರು. ಊಟ, ವಸತಿ ನಮ್ಮ ಮನೆಯಲ್ಲೇ. ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಆ ಒಂದು ಸ್ಟಾರ್ ಯಾಕೆ ಕಡಿಮೆಯಾಯಿತು ಅನ್ನುವುದನ್ನೂ ಹೇಳುತ್ತೇನೆ. ತಂಡದ ಹೆಸರು ಹಾಕುವುದಿಲ್ಲ. ಮೂರೇ ಜನರ ತಂಡ, ಈಗಲೇ ಕೈತುಂಬ ಕೆಲಸ ಇದೆಯಂತೆ. ಹೆಸರಿಗಿಂತ ಇಂಥವರಿಂದ ಏನು ಕೇಳಿ ಪಡೆಯಬೇಕು ಅಂತ ಗೊತ್ತಿರುವುದೇ ಮುಖ್ಯ.

ಹಿನ್ನೆಲೆ ಇಷ್ಟು. ನಮ್ಮದು ಉತ್ತರ ಕನ್ನಡದ ಸಿದ್ದಾಪುರ ತಾಲೂಕು, ಘಟ್ಟ ಇಳಿಯುವ ಕಡೆ. ಅಡಿಕೆ ತೋಟ ಇದೆ, ತೋಟಕ್ಕೆ ಹೊಂದಿಕೊಂಡು ಸೊಪ್ಪಿನ ಬೆಟ್ಟ ಇದೆ. ಬೆಟ್ಟ ನಮ್ಮ ಸ್ವಂತದ್ದಲ್ಲ ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಬ್ರಿಟಿಷರ ಕಾಲದಿಂದ ಸೊಪ್ಪು, ದರಕು (ಒಣಗಿದ ಎಲೆ) ತರುವ ಹಕ್ಕು ಅಷ್ಟೇ ಇರುವುದು, ಅಲ್ಲಿ ಕಟ್ಟಡ ಗಿಟ್ಟಡ ಕನಸಲ್ಲೂ ಆಗದು. ಅದು ಬಿಟ್ಟು ಮೂರು ಎಕರೆ ಸ್ವಂತ ಮಾಲ್ಕಿ ಜಾಗ ಇದೆ, ಒಂದು ಬದಿಗೆ ಹಳ್ಳ, ಕೆಳಗಿನ ಮೂಲೆಯಲ್ಲಿ ಹತ್ತು ಗುಂಟೆಯಷ್ಟು ಜಡ್ಡಿ, ಅಂದರೆ ಕೆಸರು ನಿಲ್ಲುವ ಜವುಗು ಜಾಗ. ಅಲ್ಲಿ ನಾಲ್ಕು ಕಾಟೇಜು ಕಟ್ಟಿ ಹೋಮ್‌ಸ್ಟೇ ಮಾಡುವ ಎಂದು ನಾನು ಮತ್ತು ನಮ್ಮ ಭಾವ ಹೊರಟೆವು. ಭಾವ ಬೆಂಗಳೂರಲ್ಲಿದ್ದಾರೆ. ಅವರ ತಲೆಯಲ್ಲಿ ಒಂದು ಕೆರೆಯೂ ಇತ್ತು, ಕೆರೆಯ ನಡುವೆ ಒಂದು ಮರದ ಅಟ್ಟಣೆ, ಅದರ ಮೇಲೆ ಕೂತು ಕಾಫಿ ಕುಡಿಯುವ ದಂಪತಿ. ಕೆರೆಗೆ ಜಾಗ ಎಲ್ಲಿ? ಜಡ್ಡಿಯಲ್ಲೇ, ಮತ್ತೆಲ್ಲಿ. ಹೇಗೂ ನೀರು ನಿಲ್ಲುತ್ತದೆ, ಹಿಟಾಚಿ ಎರಡು ದಿನ ಹೊಡೆದರೆ ಮುಗಿಯಿತು ಅಂದುಕೊಂಡಿದ್ದೆವು. "ಆ ಜಡ್ಡಿ ಸುದ್ದಿಗೆ ಹೋಗಡ ತಮಾ" ಎಂದು ಅಪ್ಪ ಎರಡು ಸಲ ಹೇಳಿದ್ದರು. ಅಪ್ಪ ಹೇಳಿದ್ದನ್ನು ಕೇಳುವ ವಯಸ್ಸು ನನಗೆ ಐವತ್ತಾದರೂ ಬಂದಿಲ್ಲ ನೋಡಿ.

ಸರ್ವೆ ಮಾಡಿಸುವ ಯೋಚನೆ ಬಂದದ್ದು ಪರಿಸರದ ಮೇಲಿನ ಪ್ರೀತಿಯಿಂದ ಅಂದುಕೊಳ್ಳಬೇಡಿ. ಬ್ರೋಷರಿಗೆ. "ಜೀವವೈವಿಧ್ಯ ಅಧ್ಯಯನ ನಡೆಸಿದ ಹೋಮ್‌ಸ್ಟೇ" ಎಂದು ಒಂದು ಸಾಲು ಹಾಕಿಕೊಂಡರೆ ರೂಮಿಗೆ 500 ರೂಪಾಯಿ ಜಾಸ್ತಿ ಕೇಳಬಹುದು ಎಂದು ಭಾವ ಲೆಕ್ಕ ಹಾಕಿದ್ದರು.

ಹಾಗಾಗಿ ಮೊದಲು ಒಬ್ಬ ಕನ್ಸಲ್ಟೆಂಟರನ್ನು ಕರೆಸಿದೆವು. ಇವರು ಬೇರೆ, ಕಪ್ಪೆಯವರಲ್ಲ. ಮಾರ್ಚ್ ತಿಂಗಳ ಮಧ್ಯಾಹ್ನ ಹನ್ನೆರಡೂವರೆಗೆ ಬಂದರು, ಡ್ರೋನ್ ಹಾರಿಸಿದರು, ಊಟ ಮಾಡಿದರು, ಅಪ್ಪೆಹುಳಿ ಬಹಳ ಚೆನ್ನಾಗಿದೆ ಎಂದರು, ಮೂರು ಗಂಟೆಗೆ ಹೊರಟರು. 25,000 ರೂಪಾಯಿ. ಹದಿನೈದು ದಿನಕ್ಕೆ 64 ಪುಟದ ವರದಿ ಬಂತು, ಬಣ್ಣದ ಪ್ರಿಂಟು, ಸ್ಪೈರಲ್ ಬೈಂಡಿಂಗು. ಜಾಗದಲ್ಲಿ ಗಮನಿಸಬೇಕಾದ ಜೀವಿಗಳೇನೂ ಇಲ್ಲ ಎಂಬುದು ತೀರ್ಮಾನ. ಆದರೆ ಪ್ರಾಣಿಗಳ ಪಟ್ಟಿಯಲ್ಲಿ ಕೃಷ್ಣಮೃಗ ಇತ್ತು! ಮಲೆನಾಡಿನ ಹಳ್ಳದ ಪಕ್ಕ ಕೃಷ್ಣಮೃಗ. ರಾಣೆಬೆನ್ನೂರಿಂದ ಬಸ್ಸು ಹತ್ತಿ ಬಂದಿರಬೇಕು ಎಂದು ಪಕ್ಕದ ಮನೆಯವರು ನಕ್ಕಿದ್ದೇ ನಕ್ಕಿದ್ದು. 41ನೇ ಪುಟದಲ್ಲಿ "ಉದ್ದೇಶಿತ ಬಡಾವಣೆಯ 118 ನಿವೇಶನಗಳು" ಎಂದೂ ಇತ್ತು. ಯಾರದ್ದೋ ಲೇಔಟಿನ ವರದಿಗೆ ನಮ್ಮ ಸರ್ವೆ ನಂಬರು ಅಂಟಿಸಿ ಕೊಟ್ಟಿದ್ದರು. ಫೋನು ಮಾಡಿದರೆ "ಸರ್, ಅದು ಸ್ಟ್ಯಾಂಡರ್ಡ್ ಫಾರ್ಮ್ಯಾಟ್" ಎಂಬ ಉತ್ತರ.

ದುಡ್ಡು ಹೋಯಿತು ಎಂಬ ಸಿಟ್ಟಿಗೆ ಅಲ್ಲಿ ಇಲ್ಲಿ ವಿಚಾರಿಸುತ್ತಿದ್ದಾಗ ಶಿರಸಿಯ ಗೆಳೆಯರೊಬ್ಬರು ಈ ಮೂವರ ನಂಬರು ಕೊಟ್ಟರು. ಇಬ್ಬರು ಹುಡುಗರು, ಒಬ್ಬಳು ಹುಡುಗಿ. ಹುಡುಗರು ಎಂದರೂ ಮೂವತ್ತು ದಾಟಿದವರೇ. ಒಬ್ಬ ಗಿಡಮರದವನು, ಒಬ್ಬ ಹಕ್ಕಿ ಮತ್ತು ಪ್ರಾಣಿ ನೋಡುವವನು, ಹುಡುಗಿ ಕಪ್ಪೆ ಹಾವಿನವಳು. ಫೋನಲ್ಲಿ ಅವರು ಮೊದಲು ಕೇಳಿದ ಪ್ರಶ್ನೆಗೇ ನನಗೆ ಅರ್ಧ ನಂಬಿಕೆ ಬಂತು. "ಮಳೆಗಾಲದಲ್ಲಿ ನಿಮ್ಮ ಮನೆವರೆಗೆ ಗಾಡಿ ಬರುತ್ತದಾ?" ಯಾಕೆ ಎಂದೆ. "ಮಳೆಗಾಲದಲ್ಲಿ ಒಂದು ಸಲ ಬರದೇ ನಾವು ಮಲೆನಾಡಿನ ಕೆಲಸ ಒಪ್ಪಿಕೊಳ್ಳುವುದಿಲ್ಲ" ಎಂದರು.

ಈ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ದೊಡ್ಡ ಯೋಜನೆಗಳಿಗೆ ಪರಿಸರ ಅನುಮತಿ ಬೇಕಲ್ಲ, 2006ರ ಇಐಎ (ಪರಿಸರದ ಮೇಲಿನ ಪರಿಣಾಮದ ಅಂದಾಜು) ಅಧಿಸೂಚನೆಯ ಪ್ರಕಾರ, ಅದಕ್ಕೆ ಬರೆಯುವ ವರದಿಗಳಿಗೆ ಸಾಮಾನ್ಯವಾಗಿ ಒಂದು ಋತುವಿನ ಮಾಹಿತಿ ಸಾಕು, ಅದೂ ಮಳೆಗಾಲ ಬಿಟ್ಟು. ಗಾಳಿ, ಧೂಳು ಅಳೆಯುವುದಕ್ಕೆ ಅದು ಸರಿಯೇ ಇರಬಹುದು. ನಮ್ಮ ಕಡೆಯ ಜಾಗಕ್ಕೆ ಮಾತ್ರ ಶಾಲೆಗೆ ರಜೆ ಇದ್ದಾಗ ಹೋಗಿ ಮಕ್ಕಳನ್ನು ಎಣಿಸಿ ಬಂದ ಹಾಗೆ. ಮಾರ್ಚಿಯಲ್ಲಿ ಇಲ್ಲಿ ಏನಿರುತ್ತದೆ? ಒಣಗಿದ ದರಕು, ಜೀರುಂಡೆ, ಬಿಸಿಲು. ಜೂನ್ ಎರಡನೇ ವಾರದ ಮೇಲೆ ರಾತ್ರಿ ಹೊರಗೆ ನಿಂತರೆ ಮಾತಾಡಿದ್ದು ಕೇಳುವುದಿಲ್ಲ, ಅಷ್ಟು ಗಲಾಟೆ. ಯಾರಾದರೂ ಸರ್ವೆಗೆ ಬರುತ್ತೇನೆ ಎಂದರೆ ನೀವು ಮೊದಲು ಕೇಳಬೇಕಾದ್ದು ಇದೇ: ಯಾವ ತಿಂಗಳು?

ಅವರು ಏಪ್ರಿಲಿನಲ್ಲಿ ಎರಡು ದಿನ, ಜೂನ್ ಕೊನೆಗೆ ಮೂರು ದಿನ, ನವೆಂಬರಲ್ಲಿ ಎರಡು ದಿನ ಬಂದರು. ಏಪ್ರಿಲಿನ ಕೆಲಸ ನೋಡಲು ಬೋರು. ಹಗ್ಗ ಹಿಡಿದು 20 ಮೀಟರ್ ಉದ್ದ 20 ಮೀಟರ್ ಅಗಲದ ಚೌಕ ಮಾಡುವುದು, ಅದರೊಳಗಿನ ಒಂದೊಂದು ಮರಕ್ಕೂ ಎದೆಮಟ್ಟದಲ್ಲಿ ಟೈಲರ್ ಟೇಪು ಸುತ್ತಿ ಬರೆದುಕೊಳ್ಳುವುದು, ಚೌಕದ ಮೂಲೆಯಲ್ಲಿ ಸಣ್ಣ ಚೌಕ ಮಾಡಿ ಸಸಿ ಎಣಿಸುವುದು. ಅಪ್ಪ ಮೊದಲ ದಿನ ಜಗಲಿಯಲ್ಲೇ ಕವಳ ಹಾಕುತ್ತಾ ಕೂತಿದ್ದರು, ಎರಡನೇ ದಿನ ಕೋಲು ಹಿಡಿದು ಅವರ ಹಿಂದೆ ಹೊರಟೇ ಬಿಟ್ಟರು. ಹೈಗ, ಉಪ್ಪಾಗೆ, ಮುರುಗಲು, ಧೂಪ, ಬೈನೆ ಎಂದು ಅಪ್ಪ ಹೇಳುವುದು, ಅದಕ್ಕೆ ಆ ಹುಡುಗ ಲ್ಯಾಟಿನ್ ಹೆಸರು ಹೇಳುವುದು, ಇಬ್ಬರಿಗೂ ಖುಷಿ. ಒಂದು ಬಳ್ಳಿಗೆ ಮಾತ್ರ ಅಪ್ಪನ ಹತ್ತಿರ ಹೆಸರಿತ್ತು, ಹುಡುಗನ ಹತ್ತಿರ ಇರಲಿಲ್ಲ. ಒಂದು ಎಲೆ ಕಿತ್ತು ಪೇಪರಲ್ಲಿ ಒತ್ತಿಟ್ಟುಕೊಂಡು ಹೋದ, ತಿಂಗಳ ಮೇಲೆ ಫೋನು ಮಾಡಿ ಹೆಸರು ಸಿಕ್ಕಿತು ಎಂದು ಅಪ್ಪನಿಗೇ ಹೇಳಿದ. ವರದಿಯಲ್ಲಿ ನನಗೆ ಇಷ್ಟವಾದ ಭಾಗ ಯಾವುದು ಅಂದರೆ ಅಪ್ಪ ಹೇಳಿದ್ದನ್ನೆಲ್ಲ ಒಂದು ಅಧ್ಯಾಯವಾಗಿ ಬರೆದಿರುವುದು. ಯಾವ ವರ್ಷ ಹಳ್ಳ ಬತ್ತಿತು, ಯಾವ ಮರಕ್ಕೆ ಮಂಗಟ್ಟೆ ಹಕ್ಕಿ ಬರುತ್ತಿತ್ತು, 2023ರ ಬರದಲ್ಲಿ ಊರಿನ ಬಾವಿಗಳು ಕೆಸರಾದಾಗಲೂ ಜಡ್ಡಿಯ ಕೆಳಗಿನ ಒರತೆ ಹರಿಯುತ್ತಿತ್ತು ಎನ್ನುವುದು, ಎಲ್ಲ ಇದೆ.

ಜಡ್ಡಿಯ ವಿಷಯಕ್ಕೆ ಬರೋಣ. ಅಲ್ಲಿ ಇದ್ದದ್ದು ರಾಂಪತ್ರೆ ಮರಗಳು, ಕಾಡು ಜಾಯಿಕಾಯಿ ಅನ್ನುತ್ತಾರಲ್ಲ ಅವು. ಅದು ನನಗೂ ಗೊತ್ತಿತ್ತು. ಸಣ್ಣವರಿದ್ದಾಗ ಅದರ ಬೇರಿನ ಮೇಲೆ ಕುದುರೆ ಸವಾರಿ ಮಾಡಿದವರೇ ನಾವು. ಒಂದು ಜಾತಿಗೆ ಊರುಗೋಲಿನ ಹಾಗೆ ಕಾಂಡದಿಂದ ಇಳಿಯುವ ಬೇರು, ಇನ್ನೊಂದಕ್ಕೆ ಮಂಡಿ ಮಡಚಿಕೊಂಡ ಹಾಗೆ ನೀರಿನಿಂದ ಮೇಲೆದ್ದು ಮತ್ತೆ ಒಳಗೆ ಹೋಗುವ ಬೇರು. ಕೆಸರಿನಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲ, ಅದಕ್ಕೇ ಬೇರು ಹೊರಗೆ ಬಂದು ಉಸಿರಾಡುತ್ತದೆ ಎಂದು ಆ ಹುಡುಗ ಹೇಳಿದ. ಇಂಥ ರಾಂಪತ್ರೆ ಜಡ್ಡಿಗಳು ಬಹಳ ಹಳೆಯ ಕಾಲದ ಕಾಡಿನ ಪಳೆಯುಳಿಕೆ, ಪಶ್ಚಿಮ ಘಟ್ಟದಲ್ಲಿ ಅಲ್ಲೊಂದು ಇಲ್ಲೊಂದು ಚೂರು ಉಳಿದಿವೆ, ಮುಕ್ಕಾಲು ಪಾಲು ಗದ್ದೆ ತೋಟಗಳಾಗಿ ಹೋಗಿವೆ. ನಮ್ಮ ತಾಲೂಕಿನ ಕತ್ತಲೆಕಾನಿನ ಜಡ್ಡಿ ವಿಜ್ಞಾನಿಗಳ ವಲಯದಲ್ಲಿ ದೊಡ್ಡ ಹೆಸರು. ಗೇರಿನ ಕುಟುಂಬದ ಒಂದು ಮರಕ್ಕೆ 2000ದಲ್ಲಿ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಆ ಊರಿನ ಹೆಸರನ್ನೇ ಇಟ್ಟಿದ್ದಾರೆ. ಹೊನ್ನಾವರಕ್ಕೆ ಹೋಗುವಾಗ ಆ ದಾರಿಯಲ್ಲಿ ನೂರು ಸಲ ಹೋಗಿದ್ದೇನೆ, ತಿರುವಿನಲ್ಲಿ ವಾಂತಿ ಬರುತ್ತದೆ ಎಂಬುದು ಬಿಟ್ಟು ಬೇರೇನೂ ಗೊತ್ತಿರಲಿಲ್ಲ.

ನಮ್ಮ ಹತ್ತು ಗುಂಟೆಯಲ್ಲಿ ಆ ಅಪರೂಪದ ಗೇರು ಸಿಗಲಿಲ್ಲ. ಸಿಗಲಿಲ್ಲ ಎಂದೇ ಬರೆದಿದ್ದಾರೆ, ಇದೆ ಎಂದು ಬರೆದು ನನ್ನನ್ನು ಉಬ್ಬಿಸಲಿಲ್ಲ. ಇದು ನನಗೆ ಹಿಡಿಸಿತು. ಸಿಂಗಳೀಕದ ವಿಷಯದಲ್ಲೂ ಹಾಗೇ. ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯ ನಮಗೆ ದೂರವೇನಲ್ಲ, ಉಪ್ಪಾಗೆ ಹಣ್ಣಾದಾಗ ಹಿಂದೆ ಬರುತ್ತಿದ್ದವು ಎಂದು ಅಪ್ಪ ಹೇಳುತ್ತಾರೆ. "ಮೂರು ಭೇಟಿಯಲ್ಲಿ ಕಾಣಲಿಲ್ಲ, ಸ್ಥಳೀಯರ ಹೇಳಿಕೆ ಇದೆ" ಎಂದಷ್ಟೇ ವರದಿಯಲ್ಲಿದೆ. ಹಳ್ಳದ ಕಲ್ಲಿನ ಮೇಲೆ ಏಡಿಚಿಪ್ಪು ತುಂಬಿದ ಹಿಕ್ಕೆ ಸಿಕ್ಕಿತು, ನೀರುನಾಯಿಯದ್ದು. ಯಾವ ಜಾತಿ ಎಂದು ಕೇಳಿದೆ. ಸಣ್ಣ ಉಗುರಿನದ್ದು ಇರಬಹುದು, ಹಿಕ್ಕೆ ನೋಡಿ ಗ್ಯಾರಂಟಿ ಹೇಳುವುದಿಲ್ಲ ಎಂದರು. ಕೃಷ್ಣಮೃಗ ಕಂಡವರಿಗೂ ಇವರಿಗೂ ಎಷ್ಟು ವ್ಯತ್ಯಾಸ ನೋಡಿ.

ಈಗ ಜೂನ್ ಭೇಟಿಯ ವಿಷಯ. ಮೂರು ದಿನವೂ ಮಳೆ ಹಿಡಿದು ಹೊಡೆಯಿತು. ಕರೆಂಟಿಲ್ಲ, ಉಂಬಳದ (ಜಿಗಣೆ) ಕಾಟ ಬೇರೆ. ರಾತ್ರಿ ಎಂಟಕ್ಕೆ ಹೊರಟರೆ ಹನ್ನೊಂದೂವರೆಗೆ ವಾಪಸ್ಸು, ನಾನೂ ಒಂದು ರಾತ್ರಿ ಸುಮ್ನೆ ಕುತೂಹಲಕ್ಕೆ ಜೊತೆಗೆ ಹೋದೆ. ಹಳ್ಳದ ಬದಿಯಲ್ಲಿ ಆ ಹುಡುಗಿ ಒಂದು ಮೊಳ ಜಾಗಕ್ಕೆ ಹತ್ತು ನಿಮಿಷ ಬ್ಯಾಟರಿ ಬಿಡುತ್ತಾಳೆ. ಕಾಯುವುದು, ನೋಡುವುದು, ಮತ್ತೆ ಒಂದು ಹೆಜ್ಜೆ. ಆಮೇಲೆ ನನ್ನನ್ನು ಕರೆದು ನೀರಿನ ಮೇಲೆ ಗೇಣೆತ್ತರದಲ್ಲಿ ನೇತಾಡುತ್ತಿದ್ದ ಒಂದು ಬೇರು ತೋರಿಸಿದಳು. ಬೇರಿಗೆ ಕೆಸರು ಮೆತ್ತಿತ್ತು. "ಏನು ಕಾಣ್ತಿದೆ?" ಎಂದಳು. ಕೆಸರು ಎಂದೆ. "ಸರಿಯಾಗಿ ನೋಡಿ ಅಂಕಲ್." ಕೆಸರಿನ ಪದರದ ಒಂದು ಬದಿ ಮಳೆಹನಿಗೆ ತೊಳೆದು ಹೋಗಿತ್ತು, ಅಲ್ಲಿ ಒಳಗೆ ಸಾಬಕ್ಕಿಯ ಹಾಗೆ ನಾಲ್ಕೈದು ಕಾಳು, ಒಂದೊಂದರಲ್ಲೂ ಒಂದು ಕಪ್ಪು ಚುಕ್ಕೆ. ಮೊಟ್ಟೆ. ಗಂಡು ಕಪ್ಪೆ ಮುಂಗೈಯಲ್ಲಿ ಹಳ್ಳದ ಕೆಸರು ತಂದು ಮೊಟ್ಟೆಯ ಮೇಲೆ ಮೆತ್ತಿ ಮುಚ್ಚುತ್ತದಂತೆ, ಅದಕ್ಕೇ ಕುಂಬಾರ ಕಪ್ಪೆ ಎಂದು ಹೆಸರು. ಕಪ್ಪೆ ವಿಜ್ಞಾನಿ ಗುರುರಾಜ ಅವರ ತಂಡ 2014ರಲ್ಲಿ ನಮ್ಮ ಜಿಲ್ಲೆಯ ಕಾಡಿನಿಂದಲೇ ಇದನ್ನು ಹೊಸ ಜಾತಿ ಎಂದು ಲೋಕಕ್ಕೆ ಹೇಳಿದ್ದು, ವೈಜ್ಞಾನಿಕ ಹೆಸರಿನಲ್ಲೂ 'ಕುಂಬಾರ' ಎಂದೇ ಇದೆ. ಐವತ್ತು ವರ್ಷ ಆ ಹಳ್ಳದಲ್ಲಿ ಕಾಲು ತೊಳೆದಿದ್ದೇನೆ. ಇಂಥ ಕೆಸರನ್ನು ಎಷ್ಟು ಸಲ ಕೈಯಲ್ಲಿ ಒರೆಸಿ ಹಾಕಿದ್ದೇನೋ ಏನೋ.

ಕೆರೆ ತೋಡಿದ್ದರೆ ಮಣ್ಣು ಸುರಿಯಲು ಗುರುತು ಮಾಡಿದ್ದ ಜಾಗ ಅದೇ.

ಮರುದಿನ ಬೆಳಿಗ್ಗೆ ಇನ್ನೊಂದು. ಕಾಟೇಜಿಗೆ ದಾರಿ ಮಾಡಲು ಎರಡು ವರ್ಷದ ಹಿಂದೆ ನಾವೇ ಜೆಸಿಬಿಯಲ್ಲಿ ಧರೆ, ಅಂದರೆ ಇಳಿಜಾರಿನ ಮಣ್ಣಿನ ಗೋಡೆ, ಕಡಿಸಿದ್ದೆವು. ಆ ಧರೆಯಲ್ಲಿ ಒಂದು ಮಾಟೆ (ಬಿಲ) ಇತ್ತು, ಇಲಿಯದ್ದೋ ಏಡಿಯದ್ದೋ ಅಂದುಕೊಂಡಿದ್ದೆ. ಅದರೊಳಗಿಂದ ಒಂದು ಹಕ್ಕಿ ಬಾಣದ ಹಾಗೆ ಹೊರಗೆ ಹೋಯಿತು. ಕಿತ್ತಳೆ, ನೇರಳೆ, ನೀಲಿ, ಹಳದಿ, ಯಾರೋ ಮಕ್ಕಳು ಇದ್ದಬದ್ದ ಕ್ರೆಯಾನ್ ಎಲ್ಲ ಬಳಿದ ಹಾಗೆ. ಗುಬ್ಬಿಯಷ್ಟೇ ಗಾತ್ರದ ಮಿಂಚುಳ್ಳಿ, ಓರಿಯೆಂಟಲ್ ಡ್ವಾರ್ಫ್ ಕಿಂಗ್‌ಫಿಷರ್. ಮಳೆಗಾಲದಲ್ಲೇ ಮರಿ ಮಾಡುವುದು, ಹಳ್ಳದ ಹತ್ತಿರದ ಮಣ್ಣಿನ ಧರೆಯಲ್ಲಿ ಸುರಂಗ ಕೊರೆದು. ನಾನು ಆ ಧರೆಗೆ ಕಲ್ಲು ಕಟ್ಟಿಸಲು ಮೇಸ್ತ್ರಿಗೆ ಅಡ್ವಾನ್ಸು ಕೊಟ್ಟಾಗಿತ್ತು.

ಇನ್ನು ಕ್ಯಾಮೆರಾ. ಎದುರು ಏನಾದರೂ ಹಾದರೆ ತಾನೇ ಫೋಟೋ ತೆಗೆಯುವ ಎರಡು ಕ್ಯಾಮೆರಾ ಟ್ರ್ಯಾಪ್ ಕಟ್ಟಿ ಹೋಗಿದ್ದರು. ಸಿಕ್ಕಿದ್ದು ಪುನುಗು, ಮುಳ್ಳುಹಂದಿ, ಕಾಡುಕುರಿ, ಮತ್ತೆ ನಮ್ಮ ಮನೆ ನಾಯಿಯ ನೂರಾರು ಫೋಟೋ. ಮನುಷ್ಯರು ಬಿದ್ದ ಫೋಟೋಗಳನ್ನು ನನಗೂ ತೋರಿಸದೆ ಅಳಿಸಿದರು. ಬೆಳಗಿನ ಹೊತ್ತು ಹಳ್ಳದ ಕಡೆಗೆ ಯಾರು ಯಾವ ಕೆಲಸಕ್ಕೆ ಹೋಗುತ್ತಾರೆ ಎಂದು ಗೊತ್ತಲ್ಲ, ಅಳಿಸಿದ್ದೇ ಒಳ್ಳೆಯದಾಯಿತು.

ಊರಿನವರಿಗೆ ಇದ್ದ ಹೆದರಿಕೆ ಬೇರೆಯೇ. "ಕಪ್ಪೆ ಸಿಕ್ತು ಅಂತ ಬರೆದರೆ ನಾಳೆ ಕಸ್ತೂರಿರಂಗನ್ ಬಂದು ಜಾಗ ಹೋಗ್ತದೆ" ಎಂದು ನನಗೆ ಬುದ್ಧಿ ಹೇಳಿದವರು ಒಬ್ಬಿಬ್ಬರಲ್ಲ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶಗಳನ್ನು ಗುರುತಿಸಿದ ಕಸ್ತೂರಿರಂಗನ್ ವರದಿಯ ಮಾತು ಅದು. ಹೆದರಿಕೆ ಸುಳ್ಳು ಎಂದು ನಾನು ಹೇಳುವುದಿಲ್ಲ, ಅದರ ಮೇಲೆ 2014ರಿಂದ ಸರ್ಕಾರದ ಕರಡು ಮೇಲೆ ಕರಡು ಬರುತ್ತಲೇ ಇದೆ. 2024ರ ಜುಲೈನ ಕರಡಿನಲ್ಲಿ ಕರ್ನಾಟಕದ 20,668 ಚದರ ಕಿಲೋಮೀಟರ್ ಸೂಕ್ಷ್ಮ ಪ್ರದೇಶ ಎಂದು ತೋರಿಸಿದ್ದಾರೆ. ಇದನ್ನು ಹಾಗೇ ಕಪ್ಪೆಯವರ ಮುಂದೆ ಇಟ್ಟೆ. ಅವರು ಹೇಳಿದ್ದು ಎರಡು ಮಾತು. ಆ ಪಟ್ಟಿ ಊರು ಊರಿನ ಲೆಕ್ಕದಲ್ಲಿ ತಯಾರಾಗುವುದು, ನಿಮ್ಮ ಸರ್ವೆ ನಂಬರಿನಲ್ಲಿ ಕಪ್ಪೆ ಇದೆಯೋ ಇಲ್ಲವೋ ಎಂದು ನೋಡಿ ಅಲ್ಲ, ನಿಮ್ಮ ಊರು ಅದರಲ್ಲಿ ಇದ್ದರೆ ನಾವು ಬಂದರೂ ಇರುತ್ತದೆ, ಬಾರದಿದ್ದರೂ ಇರುತ್ತದೆ. ಎರಡನೆಯದು, ವರದಿ ನಿಮ್ಮದು, ದುಡ್ಡು ಕೊಟ್ಟವರು ನೀವು, ಜಾಗದ ಗುರುತು ಸಿಗುವಂಥ ಮಾಹಿತಿ ನಿಮ್ಮನ್ನು ಕೇಳದೆ ಯಾವ ವೆಬ್‌ಸೈಟಿಗೂ ಹಾಕುವುದಿಲ್ಲ. ಇದನ್ನು ಒಪ್ಪಂದದಲ್ಲೂ ಒಂದು ಸಾಲಾಗಿ ಬರೆಸಿಕೊಂಡೆ. ನೀವೂ ಬರೆಸಿಕೊಳ್ಳಿ. ಪಂಚಾಯ್ತಿಯ ಜೀವವೈವಿಧ್ಯ ಸಮಿತಿಯ ದಾಖಲೆಗೆ ಬೇಕಾದರೆ ಕೊಡಿ, ಬಿಡಿ, ಅದು ನಿಮ್ಮಿಷ್ಟ ಎಂದರು. ನಾನು ಮರಗಳ ಪಟ್ಟಿ ಕೊಟ್ಟೆ, ಉಳಿದದ್ದು ಕೊಡಲಿಲ್ಲ.

ಹಾಗಾದರೆ ಕೊನೆಗೆ ಸಲಹೆ ಏನು ಕೊಟ್ಟರು? ನನಗೆ ಭಯ ಇದ್ದದ್ದು ಇಲ್ಲೇ, "ಏನೂ ಕಟ್ಟಬೇಡಿ" ಎಂದು ಬರೆದು ಕೈತೊಳೆದುಕೊಂಡಾರು ಅಂತ. ಹಾಗೆ ಮಾಡಲಿಲ್ಲ. ನವೆಂಬರಿನಲ್ಲಿ ನಮ್ಮ ಇಂಜಿನಿಯರನ್ನೂ ಕರೆಸಿ, ಜಾಗದಲ್ಲೇ ನಿಂತು, ಗೂಟ ಹೊಡೆದರು. ಬಿಳಿ ಗೂಟದ ಮೇಲ್ಗಡೆ ಕಟ್ಟಬಹುದು, ಕೆಂಪು ಗೂಟದ ಕೆಳಗೆ ಯಂತ್ರ ಇಳಿಯಬಾರದು. ವರದಿ ಬರುವ ಮೊದಲೇ ಇದು ಆಯಿತು, ನಿಜ ಹೇಳಬೇಕೆಂದರೆ ನಾನು ಕೊಟ್ಟ ದುಡ್ಡಿಗೆ ಆ ಗೂಟಗಳೇ ಬೆಲೆ. ಜಡ್ಡಿಯಲ್ಲಿ ಕೆರೆ ಬೇಡ, ಅದು ಈಗಲೇ ಕೆರೆ, ಮಣ್ಣಿನ ಒಳಗಿರುವ ಕೆರೆ, ಅಗೆದರೆ ನಿಮ್ಮ ತೋಟದ ಒರತೆಗೇ ಏಟು ಎಂದರು. ಈ ಒಂದು ಮಾತಿಗೆ ಭಾವ ತಣ್ಣಗಾದರು, ಕಪ್ಪೆಗೆ ಆಗಿರಲಿಲ್ಲ. ಕೆರೆಯನ್ನು ಮೇಲಿನ ಹಳೇ ಗದ್ದೆಗೆ ಎತ್ತಿಟ್ಟೆವು, ಪ್ಲಾಸ್ಟಿಕ್ ಹಾಸಬೇಕು, 70,000 ರೂಪಾಯಿ ಜಾಸ್ತಿ ಬೀಳುತ್ತದೆ. ಶೌಚದ ಗುಂಡಿಗಳು ಹಳ್ಳದ ಕಡೆಯ ಇಳಿಜಾರಿನಲ್ಲಿ ಬೇಡ. ಧರೆ ಕಡಿಯುವ ಕೆಲಸ ಜನವರಿಯಿಂದ ಏಪ್ರಿಲ್ ಒಳಗೆ ಮುಗಿಸಿ, ನೆಟ್ಟಗೆ ಗೋಡೆಯ ಹಾಗೆ ಕಡಿಯಬೇಡಿ. ಅಂಕೋಲಾದ ಶಿರೂರಿನಲ್ಲಿ 2024ರಲ್ಲಿ ಗುಡ್ಡ ಕುಸಿದ ಮೇಲೆ ನಮ್ಮ ಕಡೆ ಇದನ್ನು ಯಾರೂ ಎರಡು ಸಲ ಹೇಳಿಸಿಕೊಳ್ಳುವುದಿಲ್ಲ. ಮಿಂಚುಳ್ಳಿಯ ಧರೆಗೆ ಕಲ್ಲು ಕಟ್ಟಬೇಡಿ, ಎಂಟು ಅಡಿ ಹಾಗೇ ಬಿಡಿ. ದೀಪ ಹಳದಿ ಇರಲಿ, ಕೆಳಮುಖ ಇರಲಿ, ಹಳ್ಳದ ಕಡೆ ಒಂದೂ ಬೇಡ, ಮಿಂಚುಹುಳ ನೋಡಲು ಬರುವ ಗಿರಾಕಿಗೆ ನೀವೇ ಫ್ಲಡ್‌ಲೈಟ್ ಹಾಕಿ ಅದನ್ನು ಓಡಿಸಬೇಡಿ. ಒಣಗಿ ನಿಂತ ಮರ ಕಾಟೇಜಿನ ಮೇಲೆ ಬೀಳುವ ಹಾಗಿಲ್ಲದಿದ್ದರೆ ಕಡಿಯಬೇಡಿ. ಅಕೇಶಿಯಾ ಒಂದೇ ಸಲ ಬೋಳಿಸಿದರೆ ಕಮ್ಯುನಿಸ್ಟ್ ಗಿಡ ಎಂಬ ಕಳೆ ನುಗ್ಗುತ್ತದೆ, ಮೂರು ವರ್ಷ ಹಿಡಿದು ಸ್ವಲ್ಪ ಸ್ವಲ್ಪ ತೆಗೆಯಿರಿ.

ಈಗ ಆ ಕಡಿಮೆಯಾದ ಒಂದು ಸ್ಟಾರ್. ವರದಿ ಹೇಳಿದ ದಿನಕ್ಕಿಂತ ಐದು ವಾರ ತಡ. ಫೋನು ಮಾಡಿದರೆ ಸಿಗ್ನಲ್ ಇಲ್ಲ, ಯಾವುದೋ ಕಾಡಲ್ಲಿರುತ್ತಾರೆ. ಬಂದ ವರದಿ ಇಂಗ್ಲಿಷಿನಲ್ಲಿ. ನಾನು ಹೇಗೋ ಓದಿದೆ. ಅದರಲ್ಲಿ ಅಪ್ಪನ ಮಾತಿನ ಅಧ್ಯಾಯ ಇದೆ, ಅಪ್ಪನಿಗೇ ಓದಲಾಗುವುದಿಲ್ಲ. ಜಗಳ ಮಾಡಿ ಕನ್ನಡದಲ್ಲಿ ಬರೆಸಿಕೊಂಡೆ, ಅದೂ ಎಂಟೇ ಪುಟ. ಇನ್ನೊಂದು, ಹಳ್ಳದಿಂದ 30 ಮೀಟರ್ ಬಿಡಿ ಎಂದು ಮೊದಲು ಕಣ್ಣು ಮುಚ್ಚಿ ಬರೆದಿದ್ದರು. ಮೂರು ಎಕರೆಯಲ್ಲಿ 30 ಮೀಟರ್ ಬಿಟ್ಟರೆ ನನಗೆ ಉಳಿಯುವುದು ಕೊಟ್ಟಿಗೆಯಷ್ಟು ಜಾಗ. ಯಾಕೆ 30, ಯಾಕೆ 28 ಅಲ್ಲ ಎಂದು ಹಿಡಿದು ಕೇಳಿದ ಮೇಲೆ ಟೇಪು ಹಿಡಿದು ಇಳಿಜಾರು ನೋಡಿ, ಜಡ್ಡಿಯ ಕಡೆ 30 ಇಟ್ಟು ಬಾಕಿ ಕಡೆ 15ಕ್ಕೆ ಬಂದರು. ಅಂಥದ್ದನ್ನು ಮೊದಲೇ ಮಾಡಬೇಕಿತ್ತು ಅಲ್ವಾ. ರಾಂಪತ್ರೆ ಸಸಿ 200 ನೆಡಿ ಎಂದು ಬರೆದಿದ್ದಾರೆ, ಅವರು ಹೇಳಿದ ನರ್ಸರಿಯಲ್ಲಿ ಒಂದೇ ಒಂದು ಸಸಿ ಇಲ್ಲ. ಅಪ್ಪನೇ ಜಡ್ಡಿಯಿಂದ ಕಾಯಿ ಆರಿಸಿ ಕೊಟ್ಟೆಗೆ (ಸಸಿ ಎಬ್ಬಿಸುವ ಚೀಲ) ಹಾಕಿದ್ದಾರೆ, ನಲವತ್ತು ಎದ್ದಿವೆ.

ನಮ್ಮಂಥ ಸಣ್ಣ ಕಟ್ಟಡಕ್ಕೆ ಈ ಸರ್ವೆಯನ್ನು ಯಾರೂ ಕೇಳುವುದಿಲ್ಲ, ಇದನ್ನೂ ಹೇಳಿಬಿಡಬೇಕು. ಎನ್‌ಎ (ಕೃಷಿ ಜಮೀನನ್ನು ಕೃಷಿಯೇತರಕ್ಕೆ ಬದಲಿಸುವುದು) ಮಾಡಿಸುವಾಗ ಯಾವ ಟೇಬಲ್ಲಿನಲ್ಲೂ ಕಪ್ಪೆಯ ಸುದ್ದಿ ಬರಲಿಲ್ಲ. ಪರಿಸರ ಅನುಮತಿಯ ಮಾತು ಬರುವುದು 20,000 ಚದರ ಮೀಟರ್ ಮತ್ತು ಅದಕ್ಕಿಂತ ಜಾಸ್ತಿ ಕಟ್ಟುವವರಿಗೆ. ಅಂಥ ಬಿಲ್ಡರುಗಳು ಯಾರಾದರೂ ಓದುತ್ತಿದ್ದರೆ, ನಿಮ್ಮ ಕನ್ಸಲ್ಟೆಂಟಿಗೆ ನ್ಯಾಬೆಟ್ (ಇಂಥ ಸಲಹೆಗಾರರಿಗೆ ಮಾನ್ಯತೆ ಕೊಡುವ ಮಂಡಳಿ) ಮಾನ್ಯತೆ ಇದೆಯೇ ಎಂದು ಕೇಳುವುದರ ಜೊತೆಗೆ, ಪತ್ರದಲ್ಲಿ ಹೆಸರಿರುವ ಆ ಜೀವಶಾಸ್ತ್ರದ ತಜ್ಞರು ನಿಮ್ಮ ಜಾಗಕ್ಕೆ ಕಾಲಿಡುತ್ತಾರೆಯೇ ಎಂದೂ ಕೇಳಿ. ನಮ್ಮ ಅತ್ತಿಗೆಯ ತಮ್ಮ ಇಂಗ್ಲೆಂಡಿನಲ್ಲಿದ್ದಾನೆ, ಅಲ್ಲಿ ಅಟ್ಟದಲ್ಲಿ ಬಾವಲಿ ಇರಬಹುದೆಂಬ ಅನುಮಾನ ಬಂದರೆ ಸರ್ವೆ ಮಾಡಿಸದೆ ಛಾವಣಿ ಬಿಚ್ಚುವ ಹಾಗಿಲ್ಲವಂತೆ. 2024ರ ಫೆಬ್ರವರಿಯಿಂದ ಅಲ್ಲಿ ಬಹುಪಾಲು ಹೊಸ ಕಟ್ಟಡ ಯೋಜನೆಗಳು ಜಾಗದ ಜೀವವೈವಿಧ್ಯವನ್ನು ಮೊದಲಿಗಿಂತ ಶೇಕಡಾ 10 ಹೆಚ್ಚಿಸಿ ತೋರಿಸಬೇಕು ಎಂಬ ಕಾನೂನೂ ಬಂದಿದೆ. ಅವನಿಗೆ ನಮ್ಮ ಕಥೆ ಹೇಳಿದಾಗ ಏಳು ದಿನಕ್ಕೆ 62,000 ಎಂದು ಕೇಳಿ ನಕ್ಕ. ಅಲ್ಲಿ ಅಷ್ಟಕ್ಕೆ ಏನೂ ಬರುವುದಿಲ್ಲವಂತೆ.

ಕರೆಸುವುದಾದರೆ ಏಪ್ರಿಲ್ ಒಳಗೆ ಮಾತಾಡಿ ಮಳೆಗಾಲದ ದಿನ ಹಿಡಿದಿಟ್ಟುಕೊಳ್ಳಿ, ಜೂನ್ ಬಂದ ಮೇಲೆ ಇಂಥವರು ಯಾರ ಕೈಗೂ ಸಿಗುವುದಿಲ್ಲ. ಅರ್ಧ ದುಡ್ಡು ಮಾತ್ರ ಮುಂಗಡ ಕೊಡಿ, ಉಳಿದದ್ದು ಗೂಟ ಹೊಡೆದ ಮೇಲೆ. ಕನ್ನಡ ವರದಿ ಎಂದು ಮೊದಲೇ ಬರೆಸಿಕೊಳ್ಳಿ. ಮನೆಯಲ್ಲಿ ಉಪ್ಪು, ಸುಣ್ಣ ಜಾಸ್ತಿ ಇಟ್ಟುಕೊಳ್ಳಿ, ಉಂಬಳಕ್ಕೆ. ರಾತ್ರಿ ಹನ್ನೊಂದೂವರೆಗೆ ಒದ್ದೆಯಾಗಿ ಬರುತ್ತಾರೆ, ಒಲೆಯ ಮೇಲೆ ಕಷಾಯ ಇರಲಿ. ಗಿಡಮರದ ಹುಡುಗ ಹಾಲು ಹಾಕಿದ್ದು ಕುಡಿಯುವುದಿಲ್ಲ, ಅವನಿಗೆ ಬೇರೆ ತೆಗೆದಿಡಬೇಕು.